ಅಟ್ಟದ ಮೇಲಿನ ಕಾಮಿಕ್ಸ್: ರದ್ದಿಗೆ ಹಾಕುವ ಮುಂಚೆ, ಕೋಟಿ ಕನಸು ಕಾಣುವ ಮುಂಚೆ

2025ರ ನವೆಂಬರ್‌ನಲ್ಲಿ ಬಳ್ಳಾರಿಯ ನಾಲ್ಕು ಜನ ಗೆಳೆಯರು ಒಂದೇ ಸುದ್ದಿಯನ್ನು ನನಗೆ ವಾಟ್ಸಾಪ್ ಮಾಡಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೂವರು ಅಣ್ಣತಮ್ಮಂದಿರು ತೀರಿಹೋದ ತಾಯಿಯ ಮನೆ ಖಾಲಿ ಮಾಡುತ್ತಿದ್ದರು. ಅಟ್ಟದ ಮೇಲೆ ಹಳೆ ಪೇಪರ್ ಕಟ್ಟಿನ ಕೆಳಗೆ ಒಂದು ಡಬ್ಬ ಸಿಕ್ಕಿತು. ಅದರೊಳಗೆ ಸೂಪರ್‌ಮ್ಯಾನ್ ಹೆಸರಿನಲ್ಲೇ 1939ರಲ್ಲಿ ಶುರುವಾದ ಕಾಮಿಕ್ಸ್‌ನ ಮೊದಲ ಸಂಚಿಕೆ ಇತ್ತು. ಹೆರಿಟೇಜ್ ಎಂಬ ಹರಾಜು ಸಂಸ್ಥೆಯಲ್ಲಿ ಅದು 91.2 ಲಕ್ಷ ಡಾಲರ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 80 ಕೋಟಿ ರೂಪಾಯಿ. ಸುದ್ದಿಯ ಕೆಳಗೆ ನಾಲ್ವರದೂ ಒಂದೇ ಸಾಲು: ನಮ್ಮ ಅಟ್ಟದ ಮೇಲೂ ಒಂದು ಟ್ರಂಕಿದೆ, ಬಂದು ನೋಡ್ತೀಯಾ?

ನೋಡಿದೆ. ನಾಲ್ಕೂ ಮನೆ ಸುತ್ತಿ ಬಂದೆ. ಕೋಟಿ ಸಿಗಲಿಲ್ಲ, ಆದರೆ ರದ್ದಿಗೆ ಹಾಕುವಂಥದ್ದೂ ಇರಲಿಲ್ಲ. ನಿಮ್ಮ ಮನೆಯಲ್ಲೂ ಚಂದಮಾಮ, ಇಂದ್ರಜಾಲ, ಅಮರ ಚಿತ್ರಕಥೆ ತುಂಬಿದ ಟ್ರಂಕು ಇದ್ದರೆ ಏನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಟ್ರಂಕು ಮೊದಲು ಕೆಳಗಿಳಿಸಿ

ಬೆಲೆ ಆಮೇಲೆ. ಆ ಸೂಪರ್‌ಮ್ಯಾನ್ ಸಂಚಿಕೆ ಅಷ್ಟು ಚೆನ್ನಾಗಿ ಉಳಿಯಲು ಅಲ್ಲಿನ ತಂಪು ಹವೆಯೇ ಕಾರಣ, ಟೆಕ್ಸಸ್‌ನ ಅಟ್ಟದಲ್ಲಿ ಇದ್ದಿದ್ದರೆ ಹಾಳಾಗುತ್ತಿತ್ತು ಎಂದು ಹರಾಜಿನವರೇ ಹೇಳಿದರು. ಟೆಕ್ಸಸ್ಸಿಗೇ ಹಾಗಾದರೆ ನಮ್ಮ ಬಳ್ಳಾರಿ, ರಾಯಚೂರಿನ ಗತಿ ಏನು? ನಮ್ಮಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ಹಳೆ ಜೋಕು ಸುಮ್ನೆ ಹುಟ್ಟಿದ್ದಲ್ಲ. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ತಗಡಿನ ಕೆಳಗಿನ ಅಟ್ಟದಲ್ಲಿ ಕಬ್ಬಿಣದ ಟ್ರಂಕು ಒಲೆಯೇ ಆಗುತ್ತದೆ.

ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ಅಗ್ಗದ ಮರದ ತಿರುಳಿನ ಕಾಗದದ ಮೇಲೆ. ಅದರಲ್ಲಿ ಲಿಗ್ನಿನ್ ಅನ್ನುವ ಅಂಶ ಇರುತ್ತದೆ. ಬೆಳಕು, ಶಾಖ, ಗಾಳಿ ತಾಗಿದರೆ ಅದು ಹಳದಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ಹಾಗಾಗಿ ಟ್ರಂಕನ್ನು ಇಳಿಸಿ, ಮನೆಯ ತಂಪಾದ ಒಳಕೋಣೆಯಲ್ಲಿ ಇಡಿ. ನೆಲಕ್ಕೆ, ಗೋಡೆಗೆ ತಾಗಿಸಬೇಡಿ, ಗೆದ್ದಲು ಬರುವುದೇ ಅಲ್ಲಿಂದ. ಬಿಸಿಲಿಗೆ ಹಾಕಿ ಒಣಗಿಸುವ ಆಸೆ ಬರುತ್ತದೆ, ಬೇಡ. ಮೆತ್ತಗಿನ ಬ್ರಷ್‌ನಿಂದ ಧೂಳು ತೆಗೆಯಿರಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳು ಕೆಸರಾಗಿ ಕಾಗದದೊಳಗೇ ಇಳಿಯುತ್ತದೆ. ಸಂಡೂರಿನ ಕಡೆಯ ಕೆಂಪು ಧೂಳಾದರೆ ಕೇಳುವುದೇ ಬೇಡ.

ಹೆಜ್ಜೆ 2: ರಿಪೇರಿ ಮಾಡಬೇಡಿ

ಈ ಪಾಠಕ್ಕೆ ನಾನು ಕೊಟ್ಟ ಫೀಸು ದೊಡ್ಡದು. ಹೈಸ್ಕೂಲಿನಲ್ಲಿದ್ದಾಗ ನನ್ನ ಹತ್ತಿರ ಇಪ್ಪತ್ತೆಂಟು ಇಂದ್ರಜಾಲ ಕಾಮಿಕ್ಸ್ ಇದ್ದವು. ಹರಿದ ಹಾಳೆಗಳಿಗೆ ಸೆಲ್ಲೋಟೇಪು ಅಂಟಿಸಿದೆ. ಆಮೇಲೆ, ಚೆನ್ನಾಗಿ ಉಳಿಯಲಿ ಅಂತ, ಊರಿನ ಒಬ್ಬ ಬೈಂಡರ್ ಹತ್ತಿರ ಕೊಟ್ಟು ಎರಡು ಸಂಪುಟ ಮಾಡಿಸಿದೆ. ಅವನು ತನ್ನ ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ. ಮೂರೂ ಕಡೆ ಕತ್ತರಿಸಿ ಸಮ ಮಾಡಿದ, ಬೆನ್ನಿಗೆ ಗೋಂದು ಹಾಕಿದ, ಮುಖಪುಟಗಳು ದಂಡ ಎಂದು ಅರ್ಧಕ್ಕರ್ಧ ತೆಗೆದೇ ಬಿಟ್ಟ! ಸೆಲ್ಲೋಟೇಪಿನ ಅಂಟು ಇವತ್ತು ಕಂದು ಪಟ್ಟಿಯಾಗಿ ಎರಡು ಪುಟ ಆಚೆಗೂ ಇಳಿದಿದೆ. ಆ ಸಂಪುಟ ಓದಲು ಚೆಂದ. ಕೊಳ್ಳುವವರ ಕಣ್ಣಿಗೆ ಅದು ಇಪ್ಪತ್ತೆಂಟು ಕಾಮಿಕ್ಸ್ ಅಲ್ಲ, ಒಂದು ಇಟ್ಟಿಗೆ.

ನಮ್ಮ ಕಡೆ ಚಂದಮಾಮದ್ದೂ ಇದೇ ಕಥೆ. ವರ್ಷದ ಹನ್ನೆರಡು ಸಂಚಿಕೆ ಸೇರಿಸಿ ಬೈಂಡ್ ಮಾಡಿಸುವುದು ಓದುವ ಮನೆಗಳ ಹೆಮ್ಮೆಯಾಗಿತ್ತು. ಈಗಾಗಲೇ ಬೈಂಡ್ ಆಗಿದ್ದರೆ ಹಾಗೇ ಇರಲಿ. ಬಿಚ್ಚಲು ಹೋದರೆ ಇನ್ನಷ್ಟು ಹಾಳು. ಮುಖಪುಟಗಳು ಒಳಗಿದ್ದರೆ ಅದಕ್ಕೂ ಒಂದು ಬೆಲೆ ಇದೆ.

ಅಮೆರಿಕದ ಮಾರುಕಟ್ಟೆಯಲ್ಲೂ ನಿಯಮ ಇದೇ. ಬಣ್ಣ ತುಂಬಿದ್ದು, ಹರುಕು ಮುಚ್ಚಿದ್ದು ಗೊತ್ತಾದರೆ, ಪುಸ್ತಕದ ಸ್ಥಿತಿ ನೋಡಿ ಗ್ರೇಡ್ ಮಾಡುವವರು ಬೇರೆ ಬಣ್ಣದ ಚೀಟಿ ಅಂಟಿಸುತ್ತಾರೆ, ಬೆಲೆ ಧಡಕ್ಕನೆ ಇಳಿಯುತ್ತದೆ. ಹಳೆ ಕಿನ್ನಾಳದ ಗೊಂಬೆಗೆ ಅಂಗಡಿಯ ಪೇಂಟ್ ಹೊಡೆದ ಹಾಗೆ. ಹೊಳಪು ಬಂತು, ಗೊಂಬೆ ಹೋಯಿತು.

ಹೆಜ್ಜೆ 3: ಕೈಯಲ್ಲಿರುವುದು ಏನು ಅಂತ ತಿಳಿದುಕೊಳ್ಳಿ

ಒಂದು ನೋಟ್‌ಬುಕ್ ತಗೊಳ್ಳಿ. ಪ್ರತಿಯೊಂದಕ್ಕೂ ಹೆಸರು, ಭಾಷೆ, ಸಂಚಿಕೆ ಸಂಖ್ಯೆ, ತಿಂಗಳು ವರ್ಷ, ಮುಖಪುಟದ ಮೇಲಿನ ಬೆಲೆ ಬರೆಯಿರಿ. ಬೇಜಾರಿನ ಕೆಲಸ, ಆದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಇಂದ್ರಜಾಲ ಕಾಮಿಕ್ಸ್ ಶುರುವಾದದ್ದು 1964ರ ಮಾರ್ಚ್‌ನಲ್ಲಿ, ಟೈಮ್ಸ್ ಆಫ್ ಇಂಡಿಯಾ ಬಳಗದಿಂದ. ಮೊದಲ ಸಂಚಿಕೆಯೇ ಮುಖವಾಡದ ಕಾಡಿನ ಹೀರೋ ಫ್ಯಾಂಟಮ್‌ನದ್ದು. ಆಗಿನ ಬೆಲೆ 60 ಪೈಸೆ. 1990ರಲ್ಲಿ ನಿಂತಿತು. ಒಟ್ಟು 800ಕ್ಕಿಂತ ಸ್ವಲ್ಪ ಹೆಚ್ಚು ಸಂಚಿಕೆಗಳು ಇಂಗ್ಲಿಷ್‌ನಲ್ಲಿ ಬಂದವು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. ಮುಖಪುಟಗಳಲ್ಲಿ ಬಿ. ಗೋವಿಂದ್ ಬರೆದ ಬಣ್ಣದ ಚಿತ್ರಗಳಿಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ಸಂಚಿಕೆ ಸಂಖ್ಯೆ ಚಿಕ್ಕದಿದ್ದಷ್ಟೂ ಸಿಗುವುದು ಕಷ್ಟ. 1976ರಲ್ಲಿ ಬಂದ ಬಹಾದ್ದೂರ್ ನಮ್ಮದೇ ನೆಲದ ಹೀರೋ, ಆಬಿದ್ ಸೂರತಿ ಸೃಷ್ಟಿಸಿದ್ದು. ಅವನ ಮೊದಲ ಕಥೆಗಳನ್ನು ಹುಡುಕುವವರು ಬೇರೆಯೇ ಇದ್ದಾರೆ.

ಅಮರ ಚಿತ್ರಕಥೆಯಲ್ಲಿ ನಮಗೆ, ಅಂದರೆ ಕನ್ನಡದವರಿಗೆ, ಒಂದು ವಿಶೇಷ ಇದೆ. ಸರಣಿಯ ಸಂಪಾದಕ ಅನಂತ ಪೈ ಅವರ ಕೃಷ್ಣ 1960ರ ದಶಕದ ಕೊನೆಯಲ್ಲಿ ಬಂದಾಗ ಅದರ ಸಂಖ್ಯೆ 11. ಹಾಗಾದರೆ ಒಂದರಿಂದ ಹತ್ತು ಎಲ್ಲಿ? ಆ ಹತ್ತು ಬಂದದ್ದು ಕನ್ನಡದಲ್ಲಿ, 1965ರ ಹೊತ್ತಿಗೆ. ಸರಣಿಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಸಿಂಡ್ರೆಲಾ, ಪಿನೋಕಿಯೋ ಥರದ ಪರದೇಶದ ಕಥೆಗಳು. ಇಷ್ಟು ದೊಡ್ಡ ಸರಣಿಯ ಮೊದಲ ಹೆಜ್ಜೆ ಕನ್ನಡದಲ್ಲಿ ಇತ್ತು ಅಂದರೆ ಎಷ್ಟೋ ಜನ ನಂಬುವುದಿಲ್ಲ. ನಾಲ್ಕು ಟ್ರಂಕಿನಲ್ಲೂ ನಾನು ಮೊದಲು ಹುಡುಕಿದ್ದು ಅವನ್ನೇ. ಒಂದೂ ಇರಲಿಲ್ಲ. ನಿಮ್ಮಲ್ಲಿ ಇದ್ದರೆ ದಯವಿಟ್ಟು ಅವಸರ ಮಾಡಬೇಡಿ.

ಇಲ್ಲಿ ಒಂದು ಮೋಸ ಹೋಗುವ ಜಾಗವೂ ಇದೆ. ಅಮರ ಚಿತ್ರಕಥೆ ಒಂದೇ ಪುಸ್ತಕ ಹತ್ತಾರು ಸಲ ಮರುಮುದ್ರಣ ಆಗಿದೆ. ಒಳಗೆ ಹಳೆ ವರ್ಷ ಕಂಡ ಮಾತ್ರಕ್ಕೆ ಅದು ಹಳೆ ಪ್ರತಿ ಎಂದುಕೊಳ್ಳಬೇಡಿ. ಮುಖಪುಟದ ಬೆಲೆ ನೋಡಿ. ಹಿಂಬದಿಯ ಪಟ್ಟಿಯಲ್ಲಿ ಎಷ್ಟನೇ ಸಂಖ್ಯೆವರೆಗಿನ ಪುಸ್ತಕಗಳಿವೆ ನೋಡಿ. ಕೃಷ್ಣದ ಮೇಲೆ 11ರ ಬದಲು 501 ಅಂತ ಇದ್ದರೆ ಅದು ಸಂಖ್ಯೆ ಬದಲಾದ ನಂತರದ ಮುದ್ರಣ. ತೀರಾ ಮೊದಲ ಪುಸ್ತಕಗಳಲ್ಲಿ ಖರ್ಚು ಉಳಿಸಲು ಹಳದಿ, ನೀಲಿ, ಹಸಿರು ಬಣ್ಣಗಳನ್ನಷ್ಟೇ ಬಳಸುತ್ತಿದ್ದರು. ಪುಟ ತೆರೆದ ಕೂಡಲೇ ಗೊತ್ತಾಗುತ್ತದೆ.

ಚಂದಮಾಮ ಕಾಮಿಕ್ಸ್ ಅಲ್ಲ, ಚಿತ್ರ ತುಂಬಿದ ಕಥೆಗಳ ಮಾಸಪತ್ರಿಕೆ. ಆದರೆ ಕೊಳ್ಳುವವರು ಇದೇ ಗುಂಪಿನವರು. ತೆಲುಗು, ತಮಿಳಿನಲ್ಲಿ 1947ರ ಜುಲೈನಲ್ಲಿ, ಕನ್ನಡದಲ್ಲಿ 1949ರಲ್ಲಿ ಶುರುವಾಯಿತು. ಬಳ್ಳಾರಿಯ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಭಾಷೆಯವು ಒಂದೇ ಟ್ರಂಕಿನಲ್ಲಿ ಸಿಗುತ್ತವೆ, ಅದು ನಮ್ಮೂರಿನ ಗುಣ. ಬೇರೆ ಬೇರೆ ಜೋಡಿಸಿ. ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರ ಮುಖಚಿತ್ರಗಳಿರುವ ಹಳೆ ಸಂಚಿಕೆ ಸಿಕ್ಕರೆ ಅದನ್ನು ಪಕ್ಕಕ್ಕೆ ತೆಗೆದಿಡಿ.

ಇನ್ನು ಅಮೆರಿಕದ್ದೇ ಹಳೆ ಸೂಪರ್‌ಮ್ಯಾನ್ ಸಿಕ್ಕಿತು ಅಂತ ಯಾರಾದರೂ ಕುಣಿದರೆ ಅಳತೆ ತೆಗೆಯಿರಿ. 1974ರಲ್ಲಿ ಕಂಪನಿಯೇ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯನ್ನು ದೊಡ್ಡ ಗಾತ್ರದಲ್ಲಿ, ಮೇಲೊಂದು ಬೇರೆ ಹೊದಿಕೆ ಹಾಕಿ ಮರುಮುದ್ರಿಸಿತ್ತು. ಆ ಹೊದಿಕೆ ಕಿತ್ತರೆ ಒಳಗಿರುವುದು 1938ರ ಅಸಲಿಯಂತೆಯೇ ಕಾಣುತ್ತದೆ, ಗಾತ್ರವೊಂದನ್ನು ಬಿಟ್ಟು. ಇದರಿಂದ ಟೋಪಿ ಹಾಕಿಸಿಕೊಂಡವರು ಪ್ರಪಂಚದ ತುಂಬ ಇದ್ದಾರೆ.

ಹೆಜ್ಜೆ 4: ಕಂಡೀಶನ್ ನೋಡಿ, ಹತ್ತಿ ದಲಾಲಿಯ ಹಾಗೆ

ರಾಯಚೂರು ಎಪಿಎಂಸಿಯಲ್ಲಿ ಹತ್ತಿ ನೋಡುವವರನ್ನು ಗಮನಿಸಿದ್ದೀರಾ? ಬೆರಳಲ್ಲಿ ಎಳೆ ಎಳೆದು, ಕಸ ನೋಡಿ, ತೇವ ನೋಡಿ, ಆಮೇಲೆ ಬೆಲೆ ಹೇಳುತ್ತಾರೆ. ಮಾಲಿನ ಯಜಮಾನನ ಪ್ರೀತಿ ಅಲ್ಲಿ ಲೆಕ್ಕಕ್ಕಿಲ್ಲ. ಇಲ್ಲೂ ಅಷ್ಟೇ.

ಮೊದಲು ಪುಟ ಎಣಿಸಿ. ನಡುವಿನ ಜೋಡಿ ಹಾಳೆ ಪಿನ್ನಿನಿಂದ ಕಳಚಿ ಹೋಗಿರುವುದು ತುಂಬ ಸಾಮಾನ್ಯ. ಒಂದು ಹಾಳೆ ಇಲ್ಲದಿದ್ದರೂ ಬೆಲೆ ಬಿತ್ತು ಎಂದೇ ತಿಳಿಯಿರಿ. ಆಮೇಲೆ ಬೆನ್ನು, ಮೂಲೆ, ಪಿನ್ನಿನ ತುಕ್ಕು, ಕಾಗದದ ಬಣ್ಣ. ಒಗಟಿನ ಪುಟದಲ್ಲಿ ಪೆನ್ನಿನಲ್ಲಿ ಉತ್ತರ ಬರೆದಿದ್ದಾರಾ, ಕೂಪನ್ ಕತ್ತರಿಸಿದ್ದಾರಾ, ಫ್ಯಾಂಟಮ್‌ಗೆ ಯಾರಾದರೂ ಮೀಸೆ ಬರೆದಿದ್ದಾರಾ. ಬಾಡಿಗೆ ಪುಸ್ತಕದಂಗಡಿಯ ಸೀಲು ಇದ್ದರೆ ಬೆಲೆ ಇಳಿಯುತ್ತದೆ. ನನಗೆ ಮಾತ್ರ ಆ ಸೀಲು ನೋಡಿದರೆ ಖುಷಿ. ದಿನಕ್ಕೆ ಹತ್ತು ಪೈಸೆ ಕೊಟ್ಟು ಅಂಗಡಿ ಮೆಟ್ಟಿಲ ಮೇಲೆ ಕೂತು ಓದಿದ ಮಕ್ಕಳಲ್ಲಿ ನಾನೂ ಒಬ್ಬ.

ಅಮೆರಿಕದಲ್ಲಿ ಇದನ್ನೆಲ್ಲ ನೋಡಿ ಅಂಕ ಕೊಡಲು ಸಂಸ್ಥೆಗಳೇ ಇವೆ. ದೊಡ್ಡದು 2000ದಲ್ಲಿ ಶುರುವಾದ ಸಿಜಿಸಿ. 0.5ರಿಂದ 10ರವರೆಗೆ ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಕೊಡುತ್ತಾರೆ. ಆ 80 ಕೋಟಿಯ ಸೂಪರ್‌ಮ್ಯಾನ್‌ಗೆ ಸಿಕ್ಕಿದ್ದು 9.0. ಅದೇ ಸಂಚಿಕೆಯ 8.0 ಪ್ರತಿ 2022ರಲ್ಲಿ 53 ಲಕ್ಷ ಡಾಲರ್‌ಗೆ ಹೋಗಿತ್ತು. ನಡುವೆ ವರ್ಷಗಳೂ ಕಳೆದಿವೆ ನಿಜ, ಆದರೂ ಒಂದು ಅಂಕದ ತೂಕ ಎಷ್ಟಿರಬಹುದು ಅಂತ ಅಂದಾಜಾಗುತ್ತದೆ. ನಮ್ಮ ಇಂದ್ರಜಾಲವನ್ನು ಅಲ್ಲಿಗೆ ಕಳಿಸಬೇಕಾ ಎಂದು ಕೇಳುವವರಿದ್ದಾರೆ. ನನ್ನ ಉತ್ತರ, ಬೇಡ. ಬಹಳಷ್ಟು ಪುಸ್ತಕಗಳಿಗೆ ಹೋಗಿ ಬರುವ ಖರ್ಚೇ ಮಾಲಿಗಿಂತ ಜಾಸ್ತಿಯಾದೀತು.

ಹೆಜ್ಜೆ 5: ಅಪರೂಪ ಬೇರೆ, ಬೇಡಿಕೆ ಬೇರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

1938ರ ಜೂನ್ ಸಂಚಿಕೆಯಾಗಿ ಬಂದ ಆಕ್ಷನ್ ಕಾಮಿಕ್ಸ್ ನಂಬರ್ 1 ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಪುಸ್ತಕ. ಬೆಲೆ 10 ಸೆಂಟ್. ಸುಮಾರು 2 ಲಕ್ಷ ಪ್ರತಿ ಅಚ್ಚಾಗಿ, ಇವತ್ತು ಉಳಿದಿರುವುದು ನೂರರ ಆಸುಪಾಸು ಎಂಬ ಅಂದಾಜಿದೆ. ಮಿಕ್ಕವು ಎಲ್ಲಿ ಹೋದವು? ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಮನೆ ಮನೆಯಿಂದ ಹಳೆ ಕಾಗದ ಸಂಗ್ರಹಿಸುತ್ತಿದ್ದರು. ಅಮ್ಮಂದಿರು ಮಕ್ಕಳ ಕಾಮಿಕ್ಸ್ ಎಲ್ಲ ಕೊಟ್ಟುಬಿಟ್ಟರು. ಹಾಗೆ ರದ್ದಿಗೆ ಹೋದದ್ದಕ್ಕೇ ಉಳಿದವು ಅಪರೂಪ ಆದವು. 2014ರಲ್ಲಿ ಒಂದು ಪ್ರತಿ 32 ಲಕ್ಷ ಡಾಲರ್‌ಗೆ, 2024ರಲ್ಲಿ ಇನ್ನೊಂದು 60 ಲಕ್ಷ ಡಾಲರ್‌ಗೆ ಹೋಯಿತು.

ಈಗ ಇದರ ತಿರುಗುಮುರುಗು ಕಥೆ ಕೇಳಿ. ಹಳೆ ಕಾಮಿಕ್ಸ್‌ಗೆ ಆಗಲೇ ಏರುತ್ತಿದ್ದ ಬೆಲೆಗಳ ಸುದ್ದಿ ಓದಿದ ಜನ 1990ರ ದಶಕದಲ್ಲಿ ಹೊಸ ಕಾಮಿಕ್ಸ್ ಕೊಂಡು ತೆರೆಯದೇ ಇಡತೊಡಗಿದರು. 1991ರ ಎಕ್ಸ್‌ಮೆನ್ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. 1992ರ ಕೊನೆಯಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಂತು, ಅಂಗಡಿ ಮುಂದೆ ಸಾಲು. ಮಗಳ ಮದುವೆಗೆ ಆಗುತ್ತೆ ಎಂದು ನಮ್ಮವರು ಸೈಟು ಕೊಂಡ ಹಾಗೆ, ಮಕ್ಕಳ ಕಾಲೇಜಿಗೆ ಆಗುತ್ತೆ ಎಂದು ಅವರು ಅದನ್ನು ಕೊಂಡರು. ಎಲ್ಲರೂ ಜೋಪಾನ ಮಾಡಿದರು. ಎಲ್ಲರ ಹತ್ತಿರವೂ ಇದೆ. ಯಾರಿಗೂ ಬೇಕಿಲ್ಲ. ಇವತ್ತು ಅದರ ಬೆಲೆ ಕೆಲವೇ ಡಾಲರ್.

ಈಗ ನಮ್ಮ ಟ್ರಂಕಿಗೆ ಬನ್ನಿ. ಕನ್ನಡದ ಹಳೆ ಇಂದ್ರಜಾಲ ಇಂಗ್ಲಿಷಿನದಕ್ಕಿಂತ ಸಿಗುವುದು ಕಷ್ಟ. ಹಾಗಂತ ಬೆಲೆ ಜಾಸ್ತಿಯಾಗಲೇಬೇಕು ಅಂತಿಲ್ಲ. ಇಂಗ್ಲಿಷ್ ಪ್ರತಿಯನ್ನು ಮುಂಬೈಯವನೂ ಕೊಳ್ಳುತ್ತಾನೆ, ದುಬೈಯವನೂ ಕೊಳ್ಳುತ್ತಾನೆ. ಕನ್ನಡದ್ದನ್ನು ಕೊಳ್ಳುವವರು ಅದನ್ನು ಚಿಕ್ಕವರಿದ್ದಾಗ ಕನ್ನಡದಲ್ಲೇ ಓದಿದವರು. ಅವರಿಗೆ ಈಗ ಐವತ್ತು, ಅರವತ್ತು ವಯಸ್ಸು. ಮಕ್ಕಳು ಸೆಟ್ಲ್ ಆಗಿ, ಕೈಯಲ್ಲಿ ಒಂದಿಷ್ಟು ದುಡ್ಡು ಇರುವ ವಯಸ್ಸು. ಅವರು ಕೊಳ್ಳುವುದು ಕಾಗದವನ್ನಲ್ಲ, ಗುಂತಕಲ್ ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ಕೊಡಿಸಿದ ಆ ಮಧ್ಯಾಹ್ನವನ್ನು. ಅಂಥವರು ಇಬ್ಬರು ಒಂದೇ ಸಂಚಿಕೆಯ ಹಿಂದೆ ಬಿದ್ದರೆ ಬೆಲೆ ಏರುತ್ತದೆ. ಒಬ್ಬನೇ ಇದ್ದರೆ ಅವನು ಹೇಳಿದ್ದೇ ಬೆಲೆ. ಮೆಣಸಿನಕಾಯಿ ಬ್ಯಾಡಗಿಗೆ ಒಯ್ದವರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ.

ಇದರಲ್ಲೇ ಇನ್ನೊಂದು ಮಾತಿದೆ. ಆ ವಯಸ್ಸಿನವರ ನಂತರ ಇದನ್ನು ಯಾರು ಕೇಳುತ್ತಾರೆ? ಇನ್ನೂ ಇಪ್ಪತ್ತು ವರ್ಷ ಇಟ್ಟರೆ ಬೆಲೆ ಎರಡರಷ್ಟಾಗುತ್ತೆ ಎನ್ನುವ ಮಾತನ್ನು ನಾನಂತೂ ನಂಬುವುದಿಲ್ಲ.

ನೂರು, ಸಾವಿರದ ಲೆಕ್ಕದಲ್ಲಿ ಯೋಚಿಸಿ. ಒಳ್ಳೆಯ ಗಂಟು ಸಿಕ್ಕರೆ ಖುಷಿಪಡಿ. ಕೋಟಿ ಬೇರೆ ದೇಶದ ಕಥೆ.

ಹೆಜ್ಜೆ 6: ಕೇಳುವ ಬೆಲೆಯನ್ನು ಬಿಡಿ, ಮಾರಿಹೋದ ಬೆಲೆ ನೋಡಿ

ಇಂಟರ್‌ನೆಟ್‌ನಲ್ಲಿ ಯಾರೋ ಒಂದು ಇಂದ್ರಜಾಲಕ್ಕೆ ಇಪ್ಪತ್ತು ಸಾವಿರ ಎಂದು ಹಾಕಿರುತ್ತಾರೆ. ಹಾಕಲು ಕಾಸು ಬೇಕಿಲ್ಲವಲ್ಲ. ಅದು ಎರಡು ವರ್ಷದಿಂದ ಅಲ್ಲೇ ಇರುತ್ತದೆ. ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಿಹೋದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ ನೋಡಿ. ಫೇಸ್‌ಬುಕ್, ವಾಟ್ಸಾಪ್‌ನ ಸಂಗ್ರಾಹಕರ ಗುಂಪು ಸೇರಿ ಒಂದು ತಿಂಗಳು ಸುಮ್ನೆ ಕೂತು ನೋಡಿ. ಯಾವುದಕ್ಕೆ ಜಗಳ ಬೀಳುತ್ತಾರೆ, ಯಾವುದಕ್ಕೆ ಯಾರೂ ಮಾತಾಡುವುದಿಲ್ಲ ಎಂಬುದು ಗೊತ್ತಾಗುತ್ತದೆ.

ದೊಡ್ಡ ಹರಾಜಿನ ಸುದ್ದಿ ಓದುವಾಗಲೂ ಒಂದು ಕಿವಿಮಾತು. ಪತ್ರಿಕೆಯಲ್ಲಿ ಬರುವ ಮೊತ್ತದಲ್ಲಿ ಹರಾಜು ಸಂಸ್ಥೆಯ ಕಮಿಷನ್ ಸೇರಿರುತ್ತದೆ. ಆ 1939ರ ಸೂಪರ್‌ಮ್ಯಾನ್‌ಗೆ ಹರಾಜಿನ ಸುತ್ತಿಗೆ ಬಿದ್ದದ್ದು 76 ಲಕ್ಷ ಡಾಲರ್‌ಗೆ, ಅದರ ಮೇಲೆ ಕೊಂಡವನು ಕೊಡುವ 20 ಪರ್ಸೆಂಟ್ ಸೇರಿ 91.2 ಲಕ್ಷ. ನಮ್ಮ ಮಂಡಿಯಲ್ಲಿ ಅಡತಿ ಇರುವ ಹಾಗೆ ಅಲ್ಲೂ ಇದೆ.

ಪುಸ್ತಕದ ಹಿಂದೆ ಕಥೆ ಇದ್ದರೂ ಬೆಲೆ ಏರುತ್ತದೆ. ನಟ ನಿಕೋಲಸ್ ಕೇಜ್ ಅವರ ಆಕ್ಷನ್ ಕಾಮಿಕ್ಸ್ ಪ್ರತಿ 2000ದಲ್ಲಿ ಕಳುವಾಗಿ, 2011ರಲ್ಲಿ ಸಿಕ್ಕಿ, ಅದೇ ವರ್ಷ 21.6 ಲಕ್ಷ ಡಾಲರ್‌ಗೆ ಮಾರಿಹೋಯಿತು. ನಿಮ್ಮ ಟ್ರಂಕಿಗೂ ಒಂದು ಕಥೆ ಇರುತ್ತದೆ. ಯಾರು ಕೊಂಡದ್ದು, ಯಾವ ಊರಲ್ಲಿ, ಎಲ್ಲಿಂದ ತರಿಸುತ್ತಿದ್ದರು, ಬರೆದಿಡಿ. ಸುಳ್ಳು ಮಾತ್ರ ಸೇರಿಸಬೇಡಿ.

ಹೆಜ್ಜೆ 7: ಮಾರುವುದಾದರೆ

ಬೆಳಗಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ. ಮುಂದೆ, ಹಿಂದೆ, ಬೆನ್ನು, ನಡು ಹಾಳೆ, ಜೊತೆಗೆ ಎಲ್ಲ ಹರುಕು. ಹರುಕನ್ನು ಮುಚ್ಚಿಟ್ಟು ಮಾರಿದರೆ ಪುಸ್ತಕ ವಾಪಸ್ ಬರುತ್ತದೆ, ಹೆಸರು ವಾಪಸ್ ಬರುವುದಿಲ್ಲ.

ಮೊದಲು ಬಂದ ಆಫರ್‌ಗೆ ಇಡೀ ಟ್ರಂಕು ಕೊಡಬೇಡಿ. ಪೂರ್ತಿ ಗಂಟಿಗೆ ಇಷ್ಟು ಎಂದು ಹೇಳುವವರ ಕಣ್ಣು ಸಾಮಾನ್ಯವಾಗಿ ಅದರಲ್ಲಿನ ನಾಲ್ಕು ಪುಸ್ತಕದ ಮೇಲೆ ಇರುತ್ತದೆ. ಯಾವ ನಾಲ್ಕು ಎಂದು ಅವರು ಹೇಳುವುದಿಲ್ಲ. ಇಲ್ಲೇ ಹೆಜ್ಜೆ 3ರ ನೋಟ್‌ಬುಕ್ ಕೆಲಸಕ್ಕೆ ಬರುವುದು. ನೇರವಾಗಿ ತೋರಿಸಬೇಕು ಅಂದರೆ ಬೆಂಗಳೂರಿನ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳಿವೆ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ, ಅಬಿಡ್ಸ್‌ನಲ್ಲಿ ಭಾನುವಾರ ಹಳೆ ಪುಸ್ತಕದ ಸಂತೆ ನಡೆಯುತ್ತದೆ. ಅಂಗಡಿಯವರು ಲಾಭ ಇಟ್ಟುಕೊಂಡೇ ಕೊಳ್ಳುತ್ತಾರೆ, ಅದು ಅವರ ಹೊಟ್ಟೆಪಾಡು. ನೇರ ಸಂಗ್ರಾಹಕರಿಗೆ ಮಾರಿದರೆ ಸ್ವಲ್ಪ ಹೆಚ್ಚು ಸಿಗುತ್ತದೆ, ಸಮಯವೂ ಹೆಚ್ಚು ಹಿಡಿಯುತ್ತದೆ.

ಆನ್‌ಲೈನ್‌ನಲ್ಲಿ ದುಡ್ಡು ಬರಬೇಕಾದರೆ ನೀವು ಯುಪಿಐ ಪಿನ್ ಒತ್ತುವ ಕೆಲಸವೇ ಇಲ್ಲ. ದುಡ್ಡು ಕಳಿಸಿದ್ದೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದರೆ ಅವನು ಕಳ್ಳ, ಫೋನ್ ಇಡಿ.

ಕಳಿಸುವಾಗ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎರಡೂ ಕಡೆ ಗಟ್ಟಿ ರಟ್ಟು ಇಟ್ಟು, ಟೇಪು ಪುಸ್ತಕಕ್ಕೆ ತಾಗದ ಹಾಗೆ ಕಟ್ಟಿ, ಸ್ಪೀಡ್ ಪೋಸ್ಟ್ ಮಾಡಿ.

ಹೆಜ್ಜೆ 8: ಇಟ್ಟುಕೊಳ್ಳುವುದಾದರೆ

ನಾಲ್ಕು ಗೆಳೆಯರಲ್ಲಿ ಮೂವರು ಕೊನೆಗೆ ಮಾರಲಿಲ್ಲ. ಪಟ್ಟಿ ಮಾಡುತ್ತಾ ಮಾಡುತ್ತಾ ಓದಲು ಕೂತರು, ಅಲ್ಲಿಗೆ ವ್ಯಾಪಾರ ಮುಗಿಯಿತು.

ಇಡುವುದಾದರೆ ಒಂದೊಂದಕ್ಕೂ ಪಾಲಿಪ್ರೊಪಿಲೀನ್ ಕವರು, ಹಿಂದೆ ಆಮ್ಲ ಇಲ್ಲದ ಬಿಳಿ ರಟ್ಟು. ಪಿವಿಸಿ ವಾಸನೆ ಬರುವ ಮೆತ್ತನೆ ಕವರು ಬೇಡ, ಅದು ಕಾಗದಕ್ಕೆ ಅಂಟುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ನುಸಿಗುಳಿಗೆಯನ್ನು ಕಾಗದಕ್ಕೆ ತಾಗಿಸಬೇಡಿ. ಮಲಗಿಸಿ ರಾಶಿ ಹಾಕಿದರೆ ಕೆಳಗಿನವು ನುಜ್ಜಾಗುತ್ತವೆ, ರಟ್ಟಿನ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಮುಚ್ಚಳ ತೆಗೆದು ಹುಳ ಬಿದ್ದಿದೆಯಾ ಎಂದು ನೋಡಿ.

ಕೊನೆಗೆ, ಡಬ್ಬದ ಮುಚ್ಚಳದ ಒಳಗೆ ಒಂದು ಚೀಟಿ ಇಡಿ. ಒಳಗೆ ಏನಿದೆ, ಯಾರನ್ನು ಕೇಳಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದಿರಲಿ. ಮನೆಗೆ ಸುಣ್ಣ ಹೊಡೆಸುವ ದಿನ ನೀವು ಊರಲ್ಲಿ ಇರುವುದಿಲ್ಲ, ರದ್ದಿಯವನು ಮಾತ್ರ ಸರಿಯಾಗಿ ಅದೇ ದಿನ ಬೀದಿಗೆ ಬರುತ್ತಾನೆ.